ಕ್ಲಾರ್ನೆಟ್ ಕಾಶೀರಾಮನ ವಸಡು

೮ ಜನವರಿ ೧೯೫೧, ಬೀದರ

ನಿನ್ನೆ ಎಳ್ಳಮಾಸಿ. ಹಲಬರ್ಗಾದಲ್ಲಿ ಹೆಂಡತಿಯ ತಮ್ಮ ಹಣಮಂತಪ್ಪನ ಹೊಲಕ್ಕೆ, ಭೂಮಿತಾಯಿಗೆ ಚರಗ ಚೆಲ್ಲಲು ಹೋಗಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಎಲ್ಲ ಹೊಟ್ಟೆ ಬಿರಿಯುವಂತೆ ಉಂಡೆ. ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ನಿಲ್ಲಿಸಲಿಲ್ಲ, ಕಬ್ಬು ಕಚ್ಚಿದೆ. ಸಿಪ್ಪೆ ಎಳೆದರೆ ಅದರ ಜೊತೆ ನನ್ನ ಮೇಲಿನ ಮುಂಬಲ್ಲೂ ಮುಂದಕ್ಕೆ ಬಂದು, ಮತ್ತೆ ತನ್ನ ಜಾಗಕ್ಕೆ ಹೋಯಿತು. ಕಬ್ಬಿನ ತುಂಬ ರಕ್ತ.

"ಮಾವ, ಕಬ್ಬ ನೀವು ತಿಂದ್ರಿ ಏನು ಕಬ್ಬೇ ನಿಮ್ಮನ್ನ ತಿಂತು?" ಎಂದ ಹಣಮಂತಪ್ಪ. ಹೊಲದಲ್ಲಿದ್ದವರೆಲ್ಲ ನಕ್ಕರು. ನಾನೂ ರುಮಾಲಿನ ಚುಂಗು ಬಾಯಿಗೆ ಅಡ್ಡ ಹಿಡಿದು ನಕ್ಕೆ. ಈಚೆಗೆ ನಾನು ನಗುವುದೇ ಹಾಗೆ.

ನನಗೇನೂ ಆಗಿಲ್ಲ. ವಸಡಿನಲ್ಲಿ ಸ್ವಲ್ಪ ಕಾವು ಹೆಚ್ಚಾಗಿದೆ, ಅಷ್ಟೆ. ಮಿಸರಿ ಎರಡು ಸಲ ತಿಕ್ಕುವವನು ಇನ್ನು ಮೂರು ಸಲ ತಿಕ್ಕುತ್ತೇನೆ. ತಂಬಾಕನ್ನು ಹೆಂಚಿನ ಮೇಲೆ ಕರಕಲಾಗುವವರೆಗೆ ಹುರಿದು ಕುಟ್ಟಿದ ಆ ಪುಡಿಗಿಂತ ದೊಡ್ಡ ಔಷಧ ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ತಾಯಿ ಸಾಯುವ ದಿನವೂ ತಿಕ್ಕಿದ್ದಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಆದರೂ ತಿಕ್ಕಿದ್ದಳು.

ಬರುವಾಗ ಬಂಡಿಯಲ್ಲಿ ಹೆಂಡತಿ ನನಗೆ ಬೆನ್ನು ಮಾಡಿ ಕುಳಿತಳು. ಮಗಳ ಮದುವೆಯಾದಾಗಿನಿಂದ ಅವಳಿಗೆ ಸೊಕ್ಕು ಬಂದಿದೆ. ಎರಡು ವರ್ಷದಿಂದ ಜೋಳದ ಚೀಲ ಇಟ್ಟ ಕೋಣೆಯಲ್ಲೇ ಮಲಗುತ್ತಾಳೆ. ಕೇಳಿದರೆ ಇಲಿ ಕಾಯಬೇಕಂತೆ!

೧೨ ಜನವರಿ

ನಾನು ದಸ್ತಗೀರ ಬ್ಯಾಂಡಿನ ಮೊದಲ ಕ್ಲಾರ್ನೆಟ್. ಮೊದಲು ನಾವೆಲ್ಲ ಜಾಗೀರದಾರರ ಬ್ಯಾಂಡಿನಲ್ಲಿದ್ದೆವು. ಜಾಗೀರು ಹೋಯಿತು, ಕೆಂಪು ಕೋಟು ನಮಗೆ ಉಳಿಯಿತು. ಪೊಲೀಸ್ ಆಕ್ಷನ್ ಆದ ಮೇಲೆ ವರ್ಷಗಟ್ಟಲೆ ಈ ಊರಲ್ಲಿ ಯಾರಿಗೂ ಬ್ಯಾಂಡು ಕರೆಸುವ ಮನಸ್ಸಿರಲಿಲ್ಲ. ಉಸ್ತಾದ್ ದಸ್ತಗೀರರು ಗಲಭೆಗೆ ಹೆದರಿ, ಮಕ್ಕಳುಮರಿ ಕಟ್ಟಿಕೊಂಡು ಆಗ ನಮ್ಮ ಮನೆಯಲ್ಲೇ ಇದ್ದರು. ಅವರ ಮಕ್ಕಳ ಹೊಟ್ಟೆ ನೋಡಿಕೊಂಡವಳು ನನ್ನ ಹೆಂಡತಿ. ಈಗ ದೇವರ ದಯೆಯಿಂದ ಮದುವೆಗಳು ಮತ್ತೆ ಸದ್ದು ಮಾಡುತ್ತಿವೆ.

ಇವತ್ತು ಉಸ್ತಾದರು ಸುದ್ದಿ ತಂದರು. ಮೇ ತಿಂಗಳಲ್ಲಿ ಔರಾದದ ಬಕ್ಕಪ್ಪ ಸಾಹುಕಾರರ ಮಗಳ ಮದುವೆ. ಅಲ್ಲಿ ಹೆಸರು ಮಾಡಿದರೆ ಔರಾದ, ಭಾಲ್ಕಿ ಎರಡೂ ತಾಲೂಕು ನಮ್ಮವು. ಕೆಡಿಸಿದರೆ ಬ್ಯಾಂಡು ಮುಚ್ಚಿಕೊಂಡು ಹೋಗಬೇಕು.

ಆ ಉತ್ಸಾಹದಲ್ಲೇ ಊದಿದೆ. ಮೇಲಿನ ಸ್ವರಕ್ಕೆ ಹೋದಾಗ ಕ್ಲಾರ್ನೆಟ್ 'ಕೀಚ್' ಎಂದಿತು.

ಅದರ ತುದಿಯನ್ನು ಮೇಲಿನ ಮುಂಬಲ್ಲು ಒತ್ತಿ ಹಿಡಿಯಬೇಕು, ಕೆಳದುಟಿ ದನಿ ಹುಟ್ಟಿಸುವ ತೆಳ್ಳನೆಯ ಪತ್ತಿಯನ್ನು ಅದುಮಬೇಕು. ಹಿಡಿಯುವ ಹಲ್ಲೇ ತೊಟ್ಟಿಲಾಡಿದರೆ ಸ್ವರ ಎಲ್ಲಿ ನಿಲ್ಲುತ್ತದೆ? ಪತ್ತಿ ಕೆಟ್ಟಿದೆ ಎಂದೆ. ಎರಡನೆಯ ಕ್ಲಾರ್ನೆಟ್ ಮಚ್ಛೇಂದ್ರ ಬಾಯ್ತುಂಬ ನಕ್ಕು, "ಕುಣೀಲಾಕ ಬರದವ್ಳು ನೆಲಾ ಡೊಂಕ ಅಂದ್ಳಂತ" ಎಂದ. ಅವನ ಬಾಯಲ್ಲಿ ಎಲ್ಲ ಹಲ್ಲೂ ಇವೆ. ಒಂದೊಂದೂ ಮೆಕ್ಕೆಜೋಳದ ಕಾಳಿನಂತಿದೆ. ಮೈಯೆಲ್ಲ ಉರಿಯಿತು.

ಬರುವಾಗ ಚೌಬಾರದ ಹತ್ತಿರ ಹಲ್ಲು ಕೀಳುವ ಅಬ್ದುಲ ಗಫೂರನಿಗೆ ತೋರಿಸಿದೆ. "ಮುಂದಿನವು ಎಲ್ಲಾ ತೆಗದು ಹೊಸಾ ಸೆಟ್ ಕೂಡಸ್ತೇನಿ ಭಾಯ್, ಮದುವಿ ಗಂಡಿನಂಗ ಕಾಣ್ತೀರಿ" ಎಂದ. ಸೆಟ್ಟಿನ ಹಲ್ಲಿನಿಂದ ಕ್ಲಾರ್ನೆಟ್ ಊದಿದವನನ್ನು ನೋಡಿದ್ದೀಯಾ ಎಂದು ಕೇಳಿದೆ. ಇಲ್ಲವಂತೆ, ಆದರೆ ಸೆಟ್ ಹಾಕಿಕೊಂಡು ಕಡಲೆ ತಿಂದವರನ್ನು ನೋಡಿದ್ದಾನಂತೆ.

೨೦ ಜನವರಿ

ಹೆಂಡತಿ ಬೆನ್ನು ಹತ್ತಿದ್ದಕ್ಕೆ ಶಹಾಗಂಜಿನ ಹೊಸ ದಂತವೈದ್ಯನ ಹತ್ತಿರ ಹೋದೆ. ಹಬೀಬ ಅಂತ ಹೆಸರು. ಕಲಕತ್ತೆಯಲ್ಲಿ ಓದಿ ಬಂದಿದ್ದಾನಂತೆ. ನೋಡಿದರೆ ಮೀಸೆ ಸರಿಯಾಗಿ ಮೂಡದ ಹುಡುಗ.

"ಬಾಯಿ ತೆರೀರಿ ಕಾಶೀರಾಮಜೀ. ಇನ್ನಾ ತೆರೀರಿ. ಬ್ಯಾಂಡಿನವರಿದ್ದೀರಿ, ಊದೂಮುಂದ ತೆರೀತೀರಲ್ಲ?"

ಊದುವಾಗ ಬಾಯಿ ಮುಚ್ಚುತ್ತಾರೆ, ತೆರೆಯುವುದಿಲ್ಲ. ಇಂಥವನ ಕೈಗೆ ನನ್ನ ಹಲ್ಲು!

ತೆಳ್ಳನೆಯ ಒಂದು ಕಡ್ಡಿ ತೆಗೆದ. ಅದರ ಮೇಲೆ ಸಣ್ಣ ಸಣ್ಣ ಗೆರೆ. ಅದನ್ನು ಹಲ್ಲಿನ ಪಕ್ಕದಲ್ಲಿ ವಸಡಿನೊಳಗೆ ಇಳಿಸಿ, ಎಷ್ಟು ಗೆರೆ ಮುಳುಗಿದವು ಎಂದು ನೋಡಿ ಬರೆದುಕೊಂಡ. ಒಂದು ಹಲ್ಲನ್ನೂ ಬಿಡಲಿಲ್ಲ. ಬಾವಿಗೆ ಹಗ್ಗ ಬಿಟ್ಟು ನೀರು ನೋಡುತ್ತಾರಲ್ಲ, ಹಾಗೆ. ಆಮೇಲೆ ಒಂದೊಂದನ್ನೇ ಹಿಡಿದು ಅಲ್ಲಾಡಿಸಿದ.

"ಛಲೋ ವಸಡ ಇದ್ರ ಎರಡು ಮೂರು ಗೆರಿ ಮುಳಗತಾವ. ನಿಮ್ಮದು ಮುಂದಿನ ಹಲ್ಲಿನಾಗ ಏಳು ಮುಳಗ್ಯಾವ. ಹಲ್ಲಿಗಿ ಏನೂ ಆಗಿಲ್ಲ. ಅದನ್ನ ಹಿಡಕೊಂಡಿದ್ದ ವಸಡು ಕೈ ಬಿಟ್ಟದ."

"ಹಂಗಾರ ಕೀಳ್ತೀರೇನು?"

"ಕೀಳೂದಿಲ್ಲ, ಕೊಯ್ಯೂದೂ ಇಲ್ಲ. ವಸಡಿನ ಕೆಳಗ ಹೊಲಸು ಗಾರಿಯಂಗ ಗಟ್ಟಿಯಾಗಿ ಕೂತದ, ಅದನ್ನ ಕೆರದು ತೆಗೀತೇನಿ. ನಾಕು ಸಲ ಬರ್ರಿ. ಅರ್ಧ ಕೆಲಸ ನಂದು, ಅರ್ಧ ನಿಮ್ಮದು. ಒಂದು ಹಲ್ಲಿನ ಮ್ಯಾಲ ಮಾತ್ರ ನನಗ ಭರೋಸಾ ಇಲ್ಲ, ನಡುವಿನ ಎರಡರ ಎಡಬಾಜೂದು. ಉಳಿದವು ನಿಲ್ತಾವ." ಆಮೇಲೆ ಕೈ ತೊಳೆಯುತ್ತ, "ಖರೆ, ಮಿಸರಿ ಬಿಡಬೇಕು" ಎಂದ.

ಎದ್ದು ನಿಂತೆ. ಸಾಹೇಬ, ಮಿಸರಿ ಇರುವುದಕ್ಕೇ ಈ ಹಲ್ಲು ಇಷ್ಟಾದರೂ ನಿಂತಿವೆ ಎಂದೆ. ಅವನು ಮುಂದಿನವರನ್ನು ಕರೆದ.

೨೩ ಜನವರಿ

ನೋಡೇಬಿಡೋಣವೆಂದು ಎರಡು ದಿನ ಮಿಸರಿ ಬಿಟ್ಟೆ. ಇವತ್ತು ಬಾಯಿ ಮುಕ್ಕಳಿಸಿದರೆ ಮೊದಲಿಗಿಂತ ಹೆಚ್ಚು ರಕ್ತ! ನಾನು ಹೇಳಲಿಲ್ಲವೇ? ಮಿಸರಿ ಇದ್ದಾಗ ಇಷ್ಟು ರಕ್ತ ಇರಲಿಲ್ಲ. ಅಂದ ಮೇಲೆ ಔಷಧ ಯಾವುದು, ರೋಗ ಯಾವುದು? ಕಲಕತ್ತೆಗೆ ಹೋಗಿ ಓದಬೇಕಾಗಿಲ್ಲ, ಉಗುಳಿ ನೋಡಿದರೆ ಸಾಕು. ತಿರುಗಿ ಶುರು ಮಾಡಿದೆ. ಸಂಜೆಗೆ ರಕ್ತ ನಿಂತಿತು. ಜೀವಕ್ಕೆ ಎಷ್ಟು ಹಾಯೆನಿಸಿತು!

ಈ ಜಾಣತನ ಡಾಕ್ಟರನ ಮುಖಕ್ಕೇ ಹೇಳಿಬಿಡಬೇಕೆಂದು ಹೋದೆ. ಅವನು ನಕ್ಕುಬಿಟ್ಟ. "ಮಿಸರಿ ರಕ್ತ ಬರೂ ಹಾದಿ ಬಂದ ಮಾಡ್ತದ, ರೋಗ ಬಂದ ಮಾಡೂದಿಲ್ಲ. ಒಳಗ ಕೊಳೀತದ, ಮ್ಯಾಲ ಸುದ್ದಿ ಬರಂಗಿಲ್ಲ. ಬಿಟ್ಟ ಕೂಡ್ಲೇ ವಸಡಿಗಿ ದನಿ ಬಂತು. ಅದು ಒದರ್ಲಾಕತ್ತದ, ನೀವು ಮತ್ತ ಬಾಯಿಗಿ ಬಟ್ಟಿ ತುರುಕಿದ್ರಿ."

ಬ್ಯಾಂಡಿನವನಿಗೆ ಈ ಮಾತು ಹೇಳಬಾರದಿತ್ತು. ದನಿ ಅಂದರೆ ನನಗೆ ಅರ್ಥವಾಗುತ್ತದೆ. ಮನೆಗೆ ಬಂದು ಮಿಸರಿ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳೂ ತಿಕ್ಕುತ್ತಾಳೆ, ಬೇಕಾದರೆ ಇಟ್ಟುಕೊಳ್ಳಲಿ ಎಂದು. ಅವಳು ಹೊರಗೆ ಹೋಗಿ ತಿಪ್ಪೆಗೆ ಸುರಿದು ಬಂದಳು.

೩೦ ಜನವರಿ

ಮೊದಲ ಸಲ ಕೆರೆಸಿಕೊಂಡೆ. ಸೂಜಿ ಚುಚ್ಚಿ ವಸಡು ಮರಗಟ್ಟಿಸಿದ, ನೋವಾಗಲಿಲ್ಲ. ಆದರೆ ಸದ್ದು! ಕರಕರ ಎಂದು ತಲೆಬುರುಡೆಯೊಳಗೇ ಯಾರೋ ತೊಲೆಬಾಗಿಲು ಕೆರೆದಂತೆ. ತೆಗೆದ ಗಾರೆಯನ್ನು ತಟ್ಟೆಯಲ್ಲಿ ತೋರಿಸಿದ. ಕರ್ರಗೆ, ಕಲ್ಲಿನಂತೆ ಗಟ್ಟಿ. ನಾಲ್ವತ್ತನಾಲ್ಕು ವರ್ಷದ ನನ್ನ ಸಂಪಾದನೆ.

"ಇದೆಲ್ಲ ತೆಗದ್ರ ಹಲ್ಲಿಗಿ ಆಸರಾ ಏನು? ಕೋಟೆ ಗಾರಿ ತೆಗದ್ರ ಗ್ವಾಡಿ ನಿಲ್ತದೇನು?" ಎಂದೆ.

"ಇದು ಗ್ವಾಡಿಯ ಗಾರಿ ಅಲ್ರಿ, ಬುಡದಾಗ ಸೇರಿದ ಗೆದ್ದಲ" ಎಂದ.

ಮನೆಯಲ್ಲಿ ಬಿಸಿನೀರು, ಉಪ್ಪು. ಬೇವಿನ ಕಡ್ಡಿಯ ತುದಿ ಮೆತ್ತಗೆ ಜಗಿದು, ವಸಡಿಗೂ ಹಲ್ಲಿಗೂ ನಡುವಿನ ಅಂಚಿನಲ್ಲಿ ಮೆಲ್ಲಗೆ ಆಡಿಸಬೇಕಂತೆ. ಪಾತ್ರೆ ತಿಕ್ಕಿದಂತೆ ತಿಕ್ಕಬಾರದಂತೆ. ನನಗೆ ಮೆಲ್ಲಗೆ ಎನ್ನುವುದೇ ಬರುವುದಿಲ್ಲ. ಹೆಂಡತಿ ಮಾಡಿ ತೋರಿಸಿದಳು.

೩ ಫೆಬ್ರವರಿ

ತಣ್ಣೀರು ಕುಡಿದರೆ ನೆತ್ತಿಯವರೆಗೆ ಜುಮ್ ಎನ್ನುತ್ತದೆ. ಮಿಸರಿ ಇಲ್ಲದೆ ಬೆಳಿಗ್ಗೆ ಬಾಯಿ ಪರದೇಶಿಯಾಗಿದೆ. ಹಬೀಬನ ವಂಶಕ್ಕೆಲ್ಲ ಬೈದೆ.

೧೦ ಫೆಬ್ರವರಿ, ಭಾಲ್ಕಿ

ಮಾನ ಹೋಯಿತು. ಭಾಲ್ಕಿಯ ಮದುವೆ, ಮೆರವಣಿಗೆ ಪೇಟೆಯ ನಡುವೆ. ಮೂರು ಸಲ ಕೆರೆಸಿದ ಮೇಲೆ ವಸಡಿನ ಬಾವು ಇಳಿದು, ಗಾರೆ ಹೋಗಿ, ಹಲ್ಲುಗಳ ನಡುವೆ ಕಿಂಡಿ ಬಿದ್ದಿವೆ. ನಾನು ಊದಿದ ಗಾಳಿ ಕ್ಲಾರ್ನೆಟ್ಟಿಗೆ ಹೋಗುವ ಬದಲು ಕಿಂಡಿಯಿಂದ ಹೊರಗೆ ಬಂತು. ಗಾಳಿ ಒಂದೇ ಬಂದಿದ್ದರೆ ಸರಿ. ಗಂಡಿನ ಸೋದರಮಾವನ ಹೊಸ ಕೋಟಿನ ಮೇಲೆ ಉಗುಳಿನ ತುಂತುರು!

"ಏ ಬಾಜಾದವ್ನೇ, ಊದ್ಲಾಕ ಬಂದೀಯೋ ಅತ್ತರ ಹೊಡೀಲಾಕ ಬಂದೀಯೋ?" ಎಂದ ಆ ಮನುಷ್ಯ.

ಮಚ್ಛೇಂದ್ರ ನನ್ನ ಪಾಲಿನದೂ ಊದಿ ಮುಗಿಸಿದ. ಚೆನ್ನಾಗಿಯೇ ಊದಿದ, ಸುಳ್ಳು ಯಾಕೆ ಬರೆಯಲಿ.

೧೨ ಫೆಬ್ರವರಿ

ನೆಟ್ಟಗೆ ಡಾಕ್ಟರನ ಮೇಲೆ ಹರಿಹಾಯ್ದೆ. ನನ್ನ ಬಾಯಿ ಜರಡಿ ಮಾಡಿದಿ ಎಂದೆ. ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ಕನ್ನಡಿ ಕೈಗೆ ಕೊಟ್ಟ.

"ನೋಡ್ರಿ. ಆ ಕಿಂಡಿ ಮೊದಲಿಂದಾ ಇದ್ದವು. ಅದರಾಗ ಹೊಲಸು ತುಂಬಿತ್ತು, ಅದಕ್ಕ ಕಾಣ್ತಿರ್ಲಿಲ್ಲ. ವಸಡು ಇಳದದ ಅಂದ್ರ ಬಾವು ಇಳದದ. ಇದು ಛಲೋ ಸುದ್ದಿ."

"ಕ್ಲಾರ್ನೆಟ್ ಊದ್ಲಾಕ ಬರ್ಲಿಲ್ಲಂದ್ರ ನನಗ್ಯಾವ ಛಲೋ ಸುದ್ದಿ?"

"ಖರೆ ಹೇಳ್ಲೇನು ಕಾಶೀರಾಮಜೀ? ನನಗ ಬ್ಯಾಂಡ ಅಂದ್ರ ತಲಿನೋವು. ನಮ್ಮ ಓಣ್ಯಾಗ ಬಾರಾತ್ ಬಂತಂದ್ರ ಕಿವ್ಯಾಗ ಹತ್ತಿ ಇಟ್ಕೋತೇನಿ. ಆದ್ರೂ ನಿಮ್ಮ ಹಲ್ಲು ಉಳಸ್ಲಾಕತ್ತೇನಿ. ಇದಕ್ಕಿಂತಾ ದೊಡ್ಡ ದೋಸ್ತಿ ಬೇಕೇನು?"

ನಗು ಬಂತು. ಸಿಟ್ಟಿಗೆದ್ದು ಹೋದವನು ನಾಲ್ಕನೆಯ ಸಲವೂ ಕೆರೆಸಿಕೊಂಡೇ ಬಂದೆ.

ಸಂಜೆ ಉಸ್ತಾದರು ಕರೆದರು. ಮುಖ ನೋಡದೆ ಮಾತಾಡಿದರು. "ಕಾಶೀರಾಮ ಭಾಯಿ, ಸದ್ಯಕ್ಕ ಮಚ್ಛೇಂದ್ರ ಮುಂದ ನಿಂದರ್ಲಿ. ನೀವು ಝಾಂಜ್ ಬಾರಸ್ರಿ. ಔರಾದಿನ ಹೊತ್ತಿಗಿ ಸರಿ ಆದ್ರ ನಿಮ್ಮ ಜಾಗಾ ನಿಮ್ಮದು. ಆಗ್ಲಿಲ್ಲಂದ್ರ ನನ್ನ ಕೈಯಾಗ ಏನದ, ಹೇಳ್ರಿ."

ಇಪ್ಪತ್ತು ವರ್ಷ ಊದಿದವನ ಕೈಗೆ ತಾಳದ ಎರಡು ತಟ್ಟೆ ಕೊಟ್ಟರು.

೧೩ ಫೆಬ್ರವರಿ

ಝಾಂಜ್ ಬಾರಿಸಲು ಹಲ್ಲು ಬೇಕಾಗಿಲ್ಲ. ಏನೂ ಬೇಕಾಗಿಲ್ಲ.

೨೫ ಫೆಬ್ರವರಿ, ಹಲಬರ್ಗಾ

ಹತ್ತು ದಿನ ಕ್ಲಾರ್ನೆಟ್ ಪೆಟ್ಟಿಗೆ ಮುಟ್ಟಿರಲಿಲ್ಲ. ಅದಕ್ಕೇ ಏನೋ, ತಮ್ಮನ ಕುರಿ ನೋಡಿ ಬರೋಣವೆಂದು ಹೆಂಡತಿ ಇಲ್ಲಿಗೆ ಕರೆತಂದಳು. ಪೆಟ್ಟಿಗೆಯನ್ನೂ ಅವಳೇ ಹೊತ್ತು ತಂದಳು. ಕುರಿಗಳು ಒಣ ಹುಲ್ಲು ಹರಿದು ತಿನ್ನುವುದನ್ನು ನೋಡುತ್ತ ಕುಳಿತಿದ್ದೆವು.

"ಇವಕ್ಕ ಮ್ಯಾಲ ಮುಂದಿನ ಹಲ್ಲೇ ಇರಂಗಿಲ್ಲ, ಗೊತ್ತದ ಏನ್ರೀ?" ಎಂದಳು.

"ಅದಕ್ಕ?"

"ಅದಕ್ಕೇನಿಲ್ಲ. ತುಟೀಲೆ ಹಿಡದು ಹೊಲಾ ಬೋಳ ಮಾಡ್ತಾವ. ಹಲ್ಲಿಲ್ಲಂತ ಉಪಾಸ ಬಿದ್ದ ಕುರಿ ನಾ ಕಂಡಿಲ್ಲ."

ಗಂಡನನ್ನು ಕುರಿಗೆ ಹೋಲಿಸುತ್ತಾಳೆ, ಎಷ್ಟು ಧೈರ್ಯ! ರೇಗಿ ಎದ್ದು ಹೋದೆ. ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ನನಗೊಂದು ಯೋಚನೆ ಹೊಳೆಯಿತು. ಇದು ಪೂರ್ತಿ ನನ್ನ ತಲೆಯಿಂದಲೇ ಬಂದದ್ದು. ಮೇಲಿನ ತುಟಿಯನ್ನೂ ಒಳಗೆ ಮಡಚಿ, ಹಲ್ಲಿನ ಮೇಲೆ ಹೊದಿಸಿ, ಕ್ಲಾರ್ನೆಟ್ಟನ್ನು ಎರಡೂ ತುಟಿಗಳಿಂದಲೇ ಹಿಡಿದರೆ? ಹಲ್ಲಿನ ಮೇಲೆ ಭಾರವಿಲ್ಲ, ಕಿಂಡಿಯೂ ಮುಚ್ಚುತ್ತದೆ.

ಊದಿದೆ. ಮೊದಲು ಬಾತುಕೋಳಿ, ಆಮೇಲೆ ಎಮ್ಮೆ. ಕೊನೆಗೆ ಒಂದು ಸ್ವರ, ಒಂದೇ ಒಂದು, ನೆಟ್ಟಗೆ ಬಂತು. ಎಷ್ಟು ಮೆತ್ತಗಿತ್ತೆಂದರೆ ನನ್ನದೇ ಹೌದೋ ಅಲ್ಲವೋ ಎಂದು ಹಿಂದೆ ತಿರುಗಿ ನೋಡಿದೆ. ಕಣ್ಣಲ್ಲಿ ನೀರು ಬಂತು.

೧೧ ಮಾರ್ಚ್, ಬೀದರ

ತುಟಿ ಬಾತಿದೆ. ಓಣಿಯವರು ಕೈಮುಗಿದು ಬೇಡಿಕೊಂಡಿದ್ದಕ್ಕೆ ದಿನಾ ಅಷ್ಟೂರಿನ ಗುಂಬಜ್‌ಗಳ ಕಡೆಗೆ ಹೋಗಿ ಊದುತ್ತೇನೆ. ಅಲ್ಲಿ ಗೋರಿಯಲ್ಲಿ ಮಲಗಿರುವ ಬಾದಶಹರು ತಕರಾರು ಮಾಡುವುದಿಲ್ಲ. ಹೆಂಡತಿ ಜನಾ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ. ಕೊಟ್ಟು ಹೋಗು ಎಂದರೆ ಹೋಗುವುದಿಲ್ಲ, ಅಲ್ಲೇ ಕುಳಿತು ಕೇಳುತ್ತಾಳೆ. ಮನೆಯಲ್ಲಿ ಕೆಲಸ ಕಡಿಮೆಯಾಗಿರಬೇಕು.

ಬೆಳಿಗ್ಗೆ ಕಟ್ಟೆಯ ಮೇಲೆ ಇಬ್ಬರೂ ಬೇವಿನ ಕಡ್ಡಿ ಹಿಡಿದು ಕೂಡುತ್ತೇವೆ. ಅವಳೂ ಮಿಸರಿ ಬಿಟ್ಟಿದ್ದಾಳೆ. ಯಾರ ಉಗುಳಿನಲ್ಲಿ ರಕ್ತ ಇಲ್ಲ ಎಂದು ಪಂದ್ಯ. ಇವತ್ತು ನಾನು ಗೆದ್ದೆ. "ನಾ ಬಿಟ್ಟ ಕೊಟ್ಟೇನಿ" ಎನ್ನುತ್ತಾಳೆ ಮಳ್ಳಿ. ಎದುರು ಮನೆಯ ಹಾಜಿರಾಬೀ ನೋಡಿ, "ಈ ವಯಸ್ಸಿನಾಗ ಏನ್ ಆಟ ನಿಮ್ಮವು!" ಎಂದು ನಕ್ಕಳು.

೧೫ ಏಪ್ರಿಲ್

ಹಬೀಬ ಸಾಹೇಬರು ಮತ್ತೆ ಅಳತೆ ಕಡ್ಡಿ ಇಳಿಸಿದರು. ಏಳು ಗೆರೆ ಮುಳುಗುತ್ತಿದ್ದಲ್ಲಿ ಈಗ ಮೂರು, ಬಹಳವಾದರೆ ನಾಲ್ಕು. ರಕ್ತ ಬರಲಿಲ್ಲ. ಅವರ ಮುಖ ನೋಡಬೇಕಿತ್ತು, ಮಗ ಪಾಸಾದ ತಂದೆಯಂತೆ ಅರಳಿತ್ತು. "ಅರ್ಧ ಕೆಲಸ ನಿಮ್ಮದು ಅಂದಿದ್ದೆ. ನೀವು ಮುಕ್ಕಾಲು ಮಾಡೀರಿ" ಎಂದರು. ಎಡಬಾಜಿನ ಆ ಒಂದು ಹಲ್ಲು ಮಾತ್ರ ಒಪ್ಪಿಲ್ಲ. ಕೀಳುತ್ತೀರಾ ಎಂದೆ. "ಯಾಕ ಕೀಳೂದು? ಇರೂ ತನಕ ಇರ್ಲಿ. ತಾನೇ ಹೋಗೂ ದಿನಾ ಹೋಗ್ತದ, ಉಳದವರ ಕೈ ಹಿಡದು ಎಳ್ಕೊಂಡು ಹೋಗೂದಿಲ್ಲ." ಅವರಿಗೆಂದು ಹಲಬರ್ಗಾದ ತುಪ್ಪ ಒಯ್ದಿದ್ದೆ. ಬೇಡವೆಂದರು, ಬಿಡಲಿಲ್ಲ.

ಜನಾ ಹಾಸಿಗೆಯನ್ನು ಈ ಕಡೆಗೆ ತಂದಿದ್ದಾಳೆ. ಜೋಳದ ಕೋಣೆಯಲ್ಲಿ ಇಲಿ ಕಡಿಮೆಯಾಗಿರಬೇಕು.

೨ ಮೇ

ಉಸ್ತಾದರ ಮುಂದೆ ಊದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. "ದನಿ ಸಣ್ಣ ಆಗ್ಯದ ಕಾಶೀರಾಮ. ಮೆರವಣಿಗ್ಯಾಗ ಕೇಳ್ಸಂಗಿಲ್ಲ" ಎಂದರು. ನಿಜ. ಮೊದಲು ನಾನು ಊದಿದರೆ ಕೋಟೆಗೆ ಕೇಳಿಸುತ್ತಿತ್ತು. ಆಮೇಲೆ ಉಸ್ತಾದರು ಕಣ್ಣು ತೆರೆದು, "ಮೆರವಣಿಗಿ ಮಚ್ಛೇಂದ್ರಂದು. ಹೆಣ್ಣು ಒಪ್ಪಿಸಿ ಕಳಸೂದು ನಿಮ್ಮದು. ಅದು ಕೆಟ್ರ ಎಲ್ಲಾ ಕೆಟ್ಟಂಗ" ಎಂದರು.

ಅರ್ಧ ಜಾಗ ಸಿಕ್ಕಿತು. ಕೋಪ ಬರಬೇಕಿತ್ತು. ಬರಲಿಲ್ಲ. ಮಚ್ಛೇಂದ್ರನಿಗೆ ಒಂದು ಒಳ್ಳೆಯ ಪತ್ತಿ ಕೊಟ್ಟೆ, ಜೊತೆಗೆ ಮಿಸರಿ ಮುಟ್ಟಬೇಡ ಎಂದು ಬೈದೆ.

೧೩ ಮೇ, ಔರಾದ

ಮದುವೆ ನಿನ್ನೆ ಮುಗಿಯಿತು. ಜನಾಳ ದೊಡ್ಡಮ್ಮನ ಮನೆ ಇಲ್ಲೇ, ಸಾಹುಕಾರರ ಓಣಿಯಲ್ಲಿ. ಆದ್ದರಿಂದ ಅವಳೂ ಬಂದಿದ್ದಳು. ಮಚ್ಛೇಂದ್ರ ಮೆರವಣಿಗೆಯಲ್ಲಿ ಧೂಳೆಬ್ಬಿಸಿದ. ನಾನು ಝಾಂಜ್ ಬಾರಿಸಿದೆ, ಮನಸ್ಸಿಟ್ಟೇ ಬಾರಿಸಿದೆ.

ಇವತ್ತು ಬೆಳಿಗ್ಗೆ ಹೆಣ್ಣು ಕಳಿಸುವ ಹೊತ್ತು. ಬಂಡಿ ಬಾಗಿಲಿಗೆ ಬಂದಿತ್ತು. ಬಕ್ಕಪ್ಪ ಸಾಹುಕಾರರು ಸೆಟೆದುಕೊಂಡು ನಿಂತಿದ್ದರು. ಉಸ್ತಾದರು ಕಣ್ಸನ್ನೆ ಮಾಡಿದರು. ಎರಡೂ ತುಟಿ ಮಡಚಿ ಊದಿದೆ. ಮೆಲ್ಲಗೆ. ನಮ್ಮ ಕಡೆ ಕೂಸು ಮಲಗಿಸುವಾಗ ಹಾಡುವ ಧಾಟಿ, ಅದನ್ನೇ ಎಳೆದೆಳೆದು. ಗದ್ದಲ ತಾನಾಗಿ ನಿಂತಿತು. ಹುಡುಗಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಸೆಟೆದು ನಿಂತಿದ್ದ ಸಾಹುಕಾರರು ಕಂಬ ಹಿಡಿದು ಅತ್ತರು.

ಅದೇ ಹೊತ್ತಿಗೆ ಬಾಯಲ್ಲಿ ಏನೋ ಸಡಿಲವಾಯಿತು. ನಾಲಿಗೆಯ ಮೇಲೆ ಒಂದು ಹಲ್ಲು! ಎಡಬಾಜಿನದು, ಹೋಗಲು ಬೇರೆ ಮುಹೂರ್ತವೇ ಸಿಗಲಿಲ್ಲ ಅದಕ್ಕೆ. ನಿಲ್ಲಿಸಿದರೆ ಹುಡುಗಿ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ನುಂಗಿದರೆ ಕೆಮ್ಮು. ಹಲ್ಲನ್ನು ನಾಲಿಗೆಯಿಂದ ದವಡೆಗೆ ತಳ್ಳಿ ಊದುತ್ತಲೇ ಇದ್ದೆ. ಸ್ವರ ಅಲ್ಲಾಡಲಿಲ್ಲ. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ! ಬಂಡಿ ಹೊರಟು, ಊರ ಅಗಸಿಬಾಗಿಲು ದಾಟುವವರೆಗೂ ಊದಿದೆ.

ಉಸ್ತಾದರು ಬಂದು ನನ್ನನ್ನು ಅಪ್ಪಿಕೊಂಡರು. ಚಿಂತಾಕಿಯ ಗೌಡರೊಬ್ಬರು ಅಲ್ಲೇ ಬಂದು, ಮುಂದಿನ ವರ್ಷ ತಮ್ಮ ಮಗಳನ್ನೂ ಇದೇ ಧಾಟಿಯಲ್ಲಿ ಕಳಿಸಬೇಕೆಂದು ಮಾತು ತೆಗೆದುಕೊಂಡರು. ಹೂಂ ಎಂದೆ. ಬಾಯಿ ತೆರೆಯುವಂತಿರಲಿಲ್ಲ.

ದೊಡ್ಡಮ್ಮನ ಹಿತ್ತಲಿಗೆ ಹೋಗಿ ಹಲ್ಲನ್ನು ಅಂಗೈಗೆ ಉಗುಳಿ ಜನಾಳಿಗೆ ತೋರಿಸಿದೆ. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು. ಹಲ್ಲು ನೋಡಿದಳು, ನನ್ನ ಮುಖ ನೋಡಿದಳು. "ಇದನ್ನ ಬಾಯಾಗ ಇಟ್ಕೊಂಡು ಊದಿದ್ರೇನು?" ಎಂದು ಕೇಳಿ ಬಿದ್ದು ಬಿದ್ದು ನಕ್ಕಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಗೋಡೆ ಹಿಡಿದು ನಕ್ಕೆವು. ಹೆಣ್ಣು ಕಳಿಸಿ ಅಳುತ್ತಿದ್ದ ಹೆಂಗಸರು ಬಂದು ನೋಡಿ, ಇವರಿಗೇನಾಯಿತೆಂದು ಹೋದರು.

"ಹಾಂ, ಬಾಯಿ ತೆರೀರಿ, ಎಷ್ಟ ಜಾಗಾ ಆಗ್ಯದ ನೋಡ್ತೇನಿ" ಎಂದಳು. ತೆರೆದೆ. ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ನೋಡುತ್ತಲೇ ಇದ್ದಳು. ಹೋದದ್ದು ಒಂದೇ ಹಲ್ಲು, ಇಷ್ಟು ಹೊತ್ತು ಏನು ನೋಡುತ್ತೀ ಎಂದೆ.

"ಸುಮ್ಮ ನಿಂದರ್ರೀ" ಎಂದಳು.